ವಿಹಾರಕ್ಕೆ ಕೋವಿಯೇಕೆ?

ಪ್ರಾಣರಕ್ಷಣೆಯ ಹಕ್ಕು ಮನುಷ್ಯನ ಹಕ್ಕುಗಳಲ್ಲೆಲ್ಲ ಮೊದಲನೆಯದೆಂಬುದರಲ್ಲಿ ಎರಡು ಮಾತಿಲ್ಲ. ಅಪಾಯವು ಎದುರಿಗೆ ಬಂದಾಗ ಕೈಕಟ್ಟಿ ನಿಲ್ಲಬೇಕೆಂದು ಯಾವ ಧರ್ಮವೂ ಯಾವ ಕಾಯಿದೆಯೂ ವಿಧಿಸಿಲ್ಲ. ಆದರೆ ಬೆಟ್ಟವೇರುವುದು, ಹಕ್ಕಿಗಳನ್ನು ನೋಡುವುದು, ಕೆರೆಯಂಗಳದಲ್ಲಿ ಬಿಡಾರ ಹೂಡುವುದು ಮುಂತಾದ ವಿನೋದಗಳಿಗೆ ಹೊರಡುವ ಪಟ್ಟಣಿಗರು ಆತ್ಮರಕ್ಷಣೆಗೆಂದು ಕೋವಿಯನ್ನೋ ಪಿಸ್ತೂಲನ್ನೋ ಜೊತೆಯಲ್ಲಿ ಒಯ್ಯುವುದು ಯುಕ್ತವೇ ಎಂಬ ಪ್ರಶ್ನೆಗೆ ಅಷ್ಟು ಸುಲಭವಾಗಿ ಹೌದೆನ್ನುವಂತಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಇದನ್ನು ಪರಿಶೀಲಿಸಿದಲ್ಲಿ, ಕೋವಿಯು ವಿಹಾರಿಯನ್ನು ಕಾಪಾಡುವುದೂ ಸಂದೇಹ, ಕಾಯಿದೆಯು ಕೋವಿ ಹಿಡಿದವನನ್ನು ಕಾಪಾಡುವುದೂ ಸಂದೇಹ ಎಂಬುದು ನಮ್ಮ ಅಭಿಪ್ರಾಯ. ಅದರ ಕಾರಣಗಳನ್ನು ವಾಚಕರ ಮುಂದಿಡುತ್ತೇವೆ.

ಭಯವು ಕಲ್ಪಿತವಾದುದೆಂದು ನಾವು ಹೇಳುವುದಿಲ್ಲ. 2022ರ ನವೆಂಬರಿನಲ್ಲಿ ಕನ್ನಂಬಾಡಿಯ ಬೃಂದಾವನದಲ್ಲಿ ಚಿರತೆ ಕಾಣಿಸಿಕೊಂಡು, ಉದ್ಯಾನದ ಬಾಗಿಲನ್ನೇ ಪ್ರವಾಸಿಗಳಿಗೆ ಮುಚ್ಚಬೇಕಾಯಿತು. ಅದೇ ವರ್ಷದ ಅಕ್ಟೋಬರಿನ ಕೊನೆಯಿಂದ 2023ರ ಜನವರಿಯವರೆಗೆ ನೆರೆಯ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಕುಂತಿಬೆಟ್ಟ, ಕರಿಘಟ್ಟ, ನಾರಾಯಣದುರ್ಗ, ಮೇಲುಕೋಟೆಯ ಬೆಟ್ಟಗಳು ಇವುಗಳಿಗೆ ರಜಾದಿನಗಳಲ್ಲಿ ಬೆಂಗಳೂರು ಮೈಸೂರುಗಳಿಂದ ಜನರು ಬರುತ್ತಾರೆ. ಸೂರ್ಯೋದಯವನ್ನು ಶಿಖರದಲ್ಲಿ ನೋಡಬೇಕೆಂದು ಕತ್ತಲೆಯಲ್ಲಿಯೇ ಹತ್ತಲಾರಂಭಿಸುವವರೂ ಅವರಲ್ಲಿ ಉಂಟು. ಇಂಥವರ ಮನೆಯವರು ಚಿಂತಿಸುವುದು ಸಹಜವಾಗಿದೆ.

ಚಿರತೆಯು ಇಲ್ಲಿಗೆ ಹೊಸದಾಗಿ ಬಂದುದೂ ಅಲ್ಲ, ದಾರಿ ತಪ್ಪಿ ಬಂದುದೂ ಅಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯೂ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯೂ, 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆಯೂ ಈ ಸೀಮೆಯ ಬೆದ್ದಲನ್ನು ಕಬ್ಬಿನ ಗದ್ದೆಯಾಗಿ ಮಾರ್ಪಡಿಸಿದುವು. ಆಳೆತ್ತರದ ಕಬ್ಬಿನಲ್ಲಿ ಚಿರತೆಗೆ ನೆರಳುಂಟು, ನೀರುಂಟು, ಮರಿ ಹಾಕಲು ಮರೆಯುಂಟು; ಊರ ಹೊರಗಿನ ಕಸದ ತಿಪ್ಪೆಗಳಿಗೆ ಕೂಡುವ ಬೀದಿನಾಯಿಗಳಿಂದ ಆಹಾರವೂ ಉಂಟು. ಕಲ್ಲುಗುಡ್ಡಗಳ ಗವಿಗಳಂತೂ ಹಿಂದಿನಿಂದಲೂ ಅದರ ವಾಸಸ್ಥಾನಗಳು. ಹೀಗಿರಲು ಅದನ್ನು ಹೊರಗಿನಿಂದ ನುಗ್ಗಿದ ಶತ್ರುವೆಂದು ಭಾವಿಸಿ ಆಯುಧ ಹುಡುಕುವುದು ರೋಗದ ಮೂಲವನ್ನರಿಯದೆ ಔಷಧ ಕೊಟ್ಟಂತೆ.

ಕೋವಿಯ ಪಕ್ಷವನ್ನು ವಹಿಸುವವರು ದೇಶಾಭಿಮಾನದ ಮಾತನ್ನೂ ಆಡುತ್ತಾರೆ. ಅದನ್ನು ಗೌರವದಿಂದಲೇ ಕೇಳಬೇಕು. 1878ರ ಆಯುಧಗಳ ಕಾಯಿದೆಯು ಭಾರತೀಯನನ್ನು ನಿರಾಯುಧನನ್ನಾಗಿ ಮಾಡಿ ಯೂರೋಪಿಯನನ ಕೈಯಲ್ಲಿ ಕೋವಿಯನ್ನು ಉಳಿಸಿತ್ತು. ಆ ಭೇದಭಾವವು ಜನಾಂಗಕ್ಕೆ ಆದ ಅವಮಾನವಾಗಿತ್ತು. 1930ರ ಜನವರಿಯಲ್ಲಿ ಗಾಂಧೀಜಿಯವರು ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಜನನಿಯಂತ್ರಣಕ್ಕೆ ಒಳಪಟ್ಟು ಆತ್ಮರಕ್ಷಣೆಗಾಗಿ ಕೋವಿಯ ಪರವಾನಗಿಗಳನ್ನು ಕೊಡಬೇಕೆಂಬುದೂ ಒಂದಾಗಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯವೂ ನಿಬಂಧನೆಗಳಿಗನುಸಾರವಾಗಿ ಆಯುಧ ಧರಿಸುವ ಹಕ್ಕನ್ನು ಹೇಳಿತು. ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು 1948ರ ಡಿಸೆಂಬರಿನಲ್ಲಿ ಇದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿಯನ್ನು ತಂದರು. ಸಭೆಯು ಅದನ್ನೊಪ್ಪಲಿಲ್ಲ, ಜನರು ಶಾಂತರಾಗಿಯೂ ನಿರಾಯುಧರಾಗಿಯೂ ಸಭೆ ಸೇರುವ ಹಕ್ಕನ್ನು ಮಾತ್ರ ಸಂವಿಧಾನವು ಕೊಟ್ಟಿತು. ಸ್ವರಾಜ್ಯಕ್ಕಾಗಿ ಹೋರಾಡಿದ ಹಿರಿಯರು ಎದುರಿಸಿದುದು ಜಾತಿಭೇದ ವರ್ಣಭೇದಗಳಿಂದ ಆಯುಧವನ್ನು ಹಂಚಿದ ಪರಸರ್ಕಾರವನ್ನು. ಅವರು ಬೇಡಿದಾಗಲೂ ನಿಯಂತ್ರಣವೆಂಬ ಮಾತನ್ನು ಬಿಟ್ಟು ಬೇಡಲಿಲ್ಲ. ಭಾನುವಾರದ ಬೆಟ್ಟದ ವಿಹಾರಕ್ಕೆ ಆ ಮಹನೀಯರ ಹೆಸರನ್ನು ಸಾಕ್ಷಿಗೆ ಕರೆಯುವುದು ಉಚಿತವಲ್ಲ.

ಇನ್ನು ಕಾಯಿದೆಯನ್ನು ನೋಡೋಣ. 1959ರ ಆಯುಧಗಳ ಅಧಿನಿಯಮವು ಪರವಾನಗಿಯಿಲ್ಲದೆ ಕೋವಿಯನ್ನಿಟ್ಟುಕೊಳ್ಳುವುದನ್ನು ನಿಷೇಧಿಸಿದೆ. 2019ರ ತಿದ್ದುಪಡಿಯ ತರುವಾಯ ಆ ಅಪರಾಧಕ್ಕೆ ಎರಡು ವರ್ಷಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸವುಂಟು. ರಕ್ಷಣೆಗಾಗಲಿ ಕ್ರೀಡೆಗಾಗಲಿ ನಳಿಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ಸಾಧಾರಣ ಕೋವಿಗೂ, ಬೆಳೆಯ ರಕ್ಷಣೆಗೆ ಮದ್ದು ತುಂಬುವ ಕೋವಿಗೂ ಪರವಾನಗಿ ಬೇಡುವವರನ್ನು ಆ ಅಧಿನಿಯಮವೇ ಉದಾರವಾಗಿ ಕಾಣುತ್ತದೆಂಬುದು ನಿಜ. ಆದರೆ ಪರವಾನಗಿ ದೊರೆತ ಮಾತ್ರಕ್ಕೆ ಬೆಟ್ಟದ ದಾರಿ ತೆರೆದಂತಾಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ರಂಗನತಿಟ್ಟು ಪಕ್ಷಿಧಾಮವಿದೆ. ಮೇಲುಕೋಟೆಯ ಸುತ್ತ, ತೋಳಗಳಿಗೆ ಹೆಸರಾದ, 1974ರಲ್ಲಿ ಘೋಷಿತವಾದ ಸುಮಾರು 50 ಚದರ ಕಿಲೋಮೀಟರುಗಳ ವನ್ಯಧಾಮವಿದೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಿಂದ ನವಿಲುಗಳ ಧಾಮವಿದೆ. ಅಧಿನಿಯಮದ 31ನೆಯ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿಯನ್ನು ಮೊದಲೇ ಪಡೆಯದೆ ಯಾರೂ ಆಯುಧದೊಡನೆ ಧಾಮವನ್ನು ಪ್ರವೇಶಿಸಕೂಡದು. 34ನೆಯ ಕಲಮಿನಂತೆ ಧಾಮದಿಂದ ಹತ್ತು ಕಿಲೋಮೀಟರುಗಳೊಳಗೆ ವಾಸಿಸುವ ಕೋವಿಯ ಒಡೆಯರು ತಮ್ಮ ಹೆಸರನ್ನು ನೋಂದಾಯಿಸಬೇಕು. ಆ ಪರಿಧಿಯೊಳಗೆ ಹೊಸ ಪರವಾನಗಿಗೆ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಶ್ರೀರಂಗಪಟ್ಟಣದ ಪುರಜನರೂ ಮೇಲುಕೋಟೆಯ ನಿವಾಸಿಗಳೂ ಈ ಪರಿಧಿಯೊಳಗಿನವರೇ.

ಎಲ್ಲಕ್ಕಿಂತ ಮುಖ್ಯವಾದುದು 11ನೆಯ ಕಲಮು. ಸದ್ಭಾವದಿಂದ ತನ್ನ ಅಥವಾ ಇತರರ ಪ್ರಾಣವನ್ನುಳಿಸಿಕೊಳ್ಳಲು ಕಾಡುಮೃಗವನ್ನು ಕೊಂದವನು ಅಪರಾಧಿಯಲ್ಲವೆಂದು ಅದು ಹೇಳುತ್ತದೆ. ವಿಹಾರಿಗಳು ನಂಬಿಕೊಂಡಿರುವುದು ಈ ಮಾತನ್ನೇ. ಆದರೆ ಅದರ ಬೆನ್ನಿಗೆ ಒಂದು ನಿಬಂಧನೆಯಿದೆ: ರಕ್ಷಣೆಯ ಅಗತ್ಯ ಒದಗಿದ ಸಮಯದಲ್ಲಿ ಆ ಮನುಷ್ಯನು ಇದೇ ಅಧಿನಿಯಮದ ಯಾವುದಾದರೊಂದು ವಿಧಿಯನ್ನು ಮೀರಿ ನಡೆಯುತ್ತಿದ್ದರೆ ಅವನಿಗೆ ಈ ವಿನಾಯಿತಿಯಿಲ್ಲ. ಅನುಮತಿಯಿಲ್ಲದೆ ಕೋವಿ ಹಿಡಿದು ಧಾಮವನ್ನು ಹೊಕ್ಕವನು ಹೊಕ್ಕ ಕ್ಷಣದಲ್ಲಿಯೇ ವಿಧಿಯನ್ನು ಮೀರಿದವನು. ಅವನು ಚಿರತೆಗೆ ಗುಂಡು ಹಾರಿಸಿದರೆ ಆತ್ಮರಕ್ಷಣೆಯೆಂಬ ಸಮಾಧಾನವು ನ್ಯಾಯಸ್ಥಾನದಲ್ಲಿ ಅವನ ನೆರವಿಗೆ ಬರಲಾರದು. ಚಿರತೆಯು ಮೊದಲನೆಯ ಅನುಸೂಚಿಯ ಮೃಗ. ಅದನ್ನು ಕೊಂದುದಕ್ಕೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವುಂಟು. ಬರಿಗೈಯಲ್ಲಿ ಹೋಗಿ, ದೊಣ್ಣೆಯಿಂದ ಹೊಡೆದು ಬದುಕಿ ಬಂದವನಿಗೆ ಕಾಯಿದೆಯ ಆಶ್ರಯವಿದೆ; ರಕ್ಷಣೆಗೆಂದು ಕೋವಿಯನ್ನು ಹೊತ್ತು ಹೋದವನು ಆ ಆಶ್ರಯವನ್ನು ತಾನೇ ಕಳೆದುಕೊಳ್ಳುತ್ತಾನೆ. ಈ ಅಂಶವು ಜನರಲ್ಲಿ ಪ್ರಚಾರವಾಗಬೇಕಾದುದು ಅತ್ಯಗತ್ಯ.

ಕೊಡಗಿನ ಉದಾಹರಣೆಯನ್ನು ತರುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಯು ಮನೆತನದ ಆಚಾರಕ್ಕೂ ಹಬ್ಬಕ್ಕೂ ಭೂಮಿಯ ಹಿಡುವಳಿಗೂ ಸೇರಿದ ವಸ್ತು. ಆದರೂ ಆ ವಿನಾಯಿತಿಯು ಪರವಾನಗಿಗೆ ಸಂಬಂಧಿಸಿದುದು ಮಾತ್ರ. ವನ್ಯಧಾಮದ ಗಡಿಯಲ್ಲಿ ಕೊಡವರಿಗೂ ಉಳಿದವರಿಗೂ ಒಂದೇ ನಿಯಮ.

ಕಾಯಿದೆಯನ್ನು ಬದಿಗಿಟ್ಟು ಅನುಭವವನ್ನು ಕೇಳಿದರೂ ಉತ್ತರ ಬೇರೆಯಾಗುವುದಿಲ್ಲ. ಮನುಷ್ಯನು ಚಿರತೆಯನ್ನು ಕಾಣುವುದಕ್ಕೆ ಬಹಳ ಮೊದಲೇ ಚಿರತೆಯು ಮನುಷ್ಯನನ್ನು ಕಂಡಿರುತ್ತದೆ; ಸಾಮಾನ್ಯವಾಗಿ ಸದ್ದಿಲ್ಲದೆ ಸರಿದು ಹೋಗುತ್ತದೆ. ಅಪರೂಪಕ್ಕೆ ಎರಗಿದಲ್ಲಿ ಹಿಂದಿನಿಂದಲೋ ಮಗ್ಗುಲಿನ ಪೊದೆಯಿಂದಲೋ ಕೆಲವೇ ಅಡಿಗಳ ದೂರದಿಂದ ಎರಗುತ್ತದೆ. ಹೆಗಲಿನ ಕೋವಿಯನ್ನು ಇಳಿಸಿ, ತಿರುಗಿ, ಗುರಿಯಿಡಲು ಆಗ ಅವಕಾಶವೆಲ್ಲಿ? ಅರೆಬೆಳಕಿನಲ್ಲಿ ಗಾಬರಿಯಿಂದ ಹಾರಿಸಿದ ಗುಂಡು ಜೊತೆಯವರಿಗೆ ತಗಲುವ ಸಂಭವವೇ ಹೆಚ್ಚು. ಕುಂತಿಬೆಟ್ಟದಂತಹ ಬಂಡೆಗಳ ಮೇಲೆ ಕಾಲು ಜಾರಿದರೆ ತುಂಬಿದ ಕೋವಿಯಷ್ಟು ಅಪಾಯಕರವಾದ ಸಂಗಾತಿ ಬೇರೊಂದಿಲ್ಲ. ಗುಂಡು ತಗಲಿಯೂ ಸಾಯದೆ ಗಾಯಗೊಂಡ ಚಿರತೆಯು ಮರುದಿನ ದನ ಕಾಯುವ ಹುಡುಗನ ಪಾಲಿಗೆ ಯಮನಾಗುತ್ತದೆ. ನರಸೀಪುರದ ಪ್ರಕರಣದಲ್ಲಿ 2022ರ ಡಿಸೆಂಬರಿನಲ್ಲಿಯೇ ಗುಂಡಿಕ್ಕಲು ಅಪ್ಪಣೆ ದೊರೆತಿತ್ತು, ನುರಿತ ಸಿಬ್ಬಂದಿ ಹುಡುಕುತ್ತಿದ್ದರು. ಆದರೂ ಜನವರಿಯಲ್ಲಿ ಮತ್ತಿಬ್ಬರ ಪ್ರಾಣ ಹೋಯಿತು. ಕಸುಬುಗಾರರ ಕೋವಿಗಳಿಗೇ ಸುಲಭಸಾಧ್ಯವಾಗದ ಕೆಲಸವು ರಜೆಗೆ ಬಂದ ಗುಮಾಸ್ತರಿಂದಲೂ ವರ್ತಕರಿಂದಲೂ ಆದೀತೇ?

ಏಕಾಂತ ಸ್ಥಳಗಳಲ್ಲಿ ಕಳ್ಳರ ಭಯಕ್ಕಾದರೂ ಕೋವಿ ಬೇಡವೇ ಎನ್ನಬಹುದು. ಹಲವರು ಕೂಡಿ ಒಬ್ಬನ ಮೇಲೆ ಬಿದ್ದಾಗ ಕೋವಿಯು ಯಾರ ಕೈಗೆ ಸೇರುವುದೆಂದು ಹೇಳಲಾಗದು. ಕಳ್ಳನಿಗೆ ಚಿನ್ನಕ್ಕಿಂತ ಕೋವಿಯೇ ಹೆಚ್ಚಿನ ಲಾಭ. ಈ ಭಯಕ್ಕೆ ಪರಿಹಾರವು ಬೀಟಿನ ಪೋಲೀಸರಲ್ಲಿಯೂ ಹಗಲಿನ ಬೆಳಕಿನಲ್ಲಿಯೂ ಜನರ ಸಹವಾಸದಲ್ಲಿಯೂ ಇದೆ.

ಈ ಸೀಮೆಗೆ ಕೋವಿಯ ಪರಿಚಯ ಕಡಿಮೆಯಾದುದಲ್ಲ. ಶ್ರೀರಂಗಪಟ್ಟಣದ ಮದ್ದಿನಮನೆಗಳು ಇಂದಿಗೂ ನಿಂತಿವೆ; ರೈಲುದಾರಿಗಾಗಿ ಅವುಗಳಲ್ಲೊಂದನ್ನು 2017ರಲ್ಲಿ ಬುಡಸಹಿತ ಸರಿಸಿಟ್ಟದ್ದನ್ನು ಲೋಕವೇ ನೋಡಿತು. ಹೈದರ್ ಟೀಪುಗಳ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂದು ಹೆಸರಾಗಿ, ಅದು ಈಗ ಪಾಂಡವಪುರವಾಗಿದೆ. ಆದರೆ ಈ ನಾಡಿಗೆ ಇಂದು ಲೋಕದಲ್ಲಿ ಕೀರ್ತಿ ತಂದಿರುವ ಸ್ಥಳಗಳಲ್ಲಿ ಒಂದಾದ ರಂಗನತಿಟ್ಟಿನ ಚರಿತ್ರೆ ಬೇರೊಂದು ಪಾಠವನ್ನು ಹೇಳುತ್ತದೆ. ಬಾಲ್ಯದಲ್ಲಿ ಗಾಳಿಕೋವಿಯಿಂದ ಗುಬ್ಬಿಯೊಂದನ್ನು ಹೊಡೆದು, ಅದರ ಕತ್ತಿನ ಹಳದಿ ಮಚ್ಚೆ ಯಾತರದೆಂದು ಕೇಳಲು ಹೋದ ಹುಡುಗನು ಮುಂದೆ ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರಾದರು. ಶಾಸ್ತ್ರಸಂಗ್ರಹಕ್ಕಾಗಿ ಕೋವಿ ಹಿಡಿಯಬಲ್ಲವರಾಗಿದ್ದ ಅವರೇ ಮೈಸೂರಿನ ಪ್ರಭುಗಳಿಗೆ ಹೇಳಿ, 1940ರಲ್ಲಿ ಕಾವೇರಿಯ ಆ ನಡುಗಡ್ಡೆಗಳು ಪಕ್ಷಿಧಾಮವಾಗುವಂತೆ ಮಾಡಿದರು. ಮೊಸಳೆಗಳು ಬಿಸಿಲು ಕಾಯುವ ಆ ನೀರಿನಲ್ಲಿ ದೋಣಿಯೇರಿ ಹೋಗುವ ಸಂಸಾರಗಳು ಕೋವಿಯಿಲ್ಲದೆ ಕ್ಷೇಮವಾಗಿ ಹಿಂದಿರುಗುತ್ತಿವೆ. ಅಂಬಿಗನ ತಿಳಿವಳಿಕೆಯೂ ಸ್ಥಳದ ನಿಯಮವೂ ಅವರನ್ನು ಕಾಯುತ್ತಿವೆ. 2022ರಲ್ಲಿ ಆ ಸ್ಥಳವು ರಾಮ್ಸಾರ್ ಪಟ್ಟಿಗೂ ಸೇರಿತು.

ಕೊನೆಯದಾಗಿ ನ್ಯಾಯದ ಮಾತೊಂದನ್ನು ಹೇಳಲೇಬೇಕು. ವಿಹಾರಿಯು ವರ್ಷಕ್ಕೆ ಎರಡು ದಿನ ಬೆಟ್ಟಕ್ಕೆ ಬರುತ್ತಾನೆ, ಬರದೆಯೂ ಇರಬಲ್ಲನು. ಕಬ್ಬು ಕಡಿಯುವ ಆಳು, ರಾತ್ರಿ ವಿದ್ಯುತ್ತು ಬಂದಾಗ ಗದ್ದೆಗೆ ನೀರು ಹಾಯಿಸಲು ಎದ್ದು ಹೋಗುವ ರೈತ, ನಾಗಮಂಗಲದ ಕುರುಚಲಿನಲ್ಲಿ ಕುರಿ ಕಾಯುವವನು ಇವರಿಗೆ ಆ ಆಯ್ಕೆಯಿಲ್ಲ. ಅವರು ವರ್ಷವಿಡೀ ಅದೇ ಚಿರತೆಯ ನಡುವೆ ಕುಡುಗೋಲು ದೊಣ್ಣೆಗಳನ್ನು ಹಿಡಿದು ದುಡಿಯುತ್ತಾರೆ. ಅವರಿಗೆ ಸಲ್ಲದ ರಕ್ಷಣೆಯನ್ನು ಹಣವುಳ್ಳವರು ವಿನೋದಕ್ಕಾಗಿ ಕೊಂಡು ಹೆಗಲಿಗೇರಿಸಿಕೊಂಡು ಅವರ ಹೊಲದ ಬದುವಿನಲ್ಲಿ ನಡೆಯುವುದು ನೋಡಲೂ ಚೆನ್ನಲ್ಲ. ಬೆಟ್ಟವನ್ನು ನಿರ್ಭಯವಾಗಿಸುವ ಏರ್ಪಾಡು ಮೊದಲು ಈ ಜನರಿಗಾಗಿ ಆಗಬೇಕು. ಅವರಿಗೆ ನಿರ್ಭಯವಾದರೆ ವಿಹಾರಿಗೂ ನಿರ್ಭಯವೇ.

ಆದುದರಿಂದ ಅಧಿಕಾರಿವರ್ಗದವರಿಗೆ ನಮ್ಮ ಸೂಚನೆಗಳಿವು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಈ ಬೆಟ್ಟಗಳನ್ನೇರುವುದನ್ನು ಕಟ್ಟುನಿಟ್ಟಾಗಿ ತಡೆಯಬೇಕು. ಚಿರತೆ ಕಂಡ ಸ್ಥಳಗಳ ವರ್ತಮಾನವನ್ನು ಬೆಟ್ಟದ ಬುಡದಲ್ಲಿಯೂ ಪಂಚಾಯಿತಿಯ ಕಟ್ಟೆಯಲ್ಲಿಯೂ ದಿನದಿನವೂ ಬರೆದು ಹಾಕಬೇಕು. ಆಯಾ ಗ್ರಾಮಗಳ ಯುವಕರನ್ನೇ ಸಂಬಳ ಕೊಟ್ಟು ಕಾವಲಿಗೂ ದಾರಿ ತೋರಿಸುವುದಕ್ಕೂ ನೇಮಿಸಬೇಕು. ಕಸದ ತಿಪ್ಪೆಗಳನ್ನು ತೆಗೆಸಬೇಕು. ನೀರು ಹಾಯಿಸುವ ರೈತನಿಗೆ ಹಗಲಿನಲ್ಲಿಯೇ ವಿದ್ಯುತ್ತನ್ನು ಒದಗಿಸಬೇಕು. ಕೋವಿಯ ಪರವಾನಗಿಗೆ ಅರ್ಜಿ ಬಂದಾಗ ಬೆಳೆಯ ರಕ್ಷಣೆಗೆ ಬೇಡುವ ಸಾಗುವಳಿದಾರನನ್ನು ಅಲೆದಾಡಿಸದೆ ಬೇಗ ಇತ್ಯರ್ಥ ಮಾಡಬೇಕು. ವಿಹಾರವನ್ನೇ ಕಾರಣವಾಗಿ ಹೇಳುವ ಅರ್ಜಿಯನ್ನು ನಿರ್ದಾಕ್ಷಿಣ್ಯವಾಗಿ ಪರಿಶೀಲಿಸಬೇಕು.

ವಿಹಾರಪ್ರಿಯರಾದ ಮಹಾಜನರಲ್ಲಿಯೂ ನಮ್ಮದೊಂದು ಬಿನ್ನಹ. ಹಗಲಿನಲ್ಲಿ ಹೋಗಿರಿ, ನಾಲ್ಕಾರು ಮಂದಿ ಕೂಡಿ, ಮಾತನಾಡುತ್ತ ಹೋಗಿರಿ, ಮಕ್ಕಳನ್ನು ನಡುವೆ ನಡೆಸಿರಿ, ನಾಯಿಯನ್ನು ಕರೆದೊಯ್ಯಬೇಡಿರಿ, ಪೊದೆಯ ಬಳಿ ಒಂಟಿಯಾಗಿ ಕುಳಿತುಕೊಳ್ಳಬೇಡಿರಿ. ಚಿರತೆ ಕಂಡರೆ ಬೆನ್ನು ತಿರುಗಿಸಿ ಓಡದೆ, ನೆಟ್ಟಗೆ ನಿಂತು ಗಟ್ಟಿಯಾಗಿ ಕೂಗುತ್ತ ನಿಧಾನವಾಗಿ ಹಿಂದೆ ಸರಿಯಿರಿ. ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಿರಿ. ಒಂದು ಬೆತ್ತ, ಒಂದು ದೀಪ, ಊರಿನವನೊಬ್ಬನ ಜೊತೆ ಇಷ್ಟಿದ್ದರೆ ಈ ನಾಲ್ಕು ತಾಲ್ಲೂಕುಗಳ ಬೆಟ್ಟಗಳನ್ನು ಸಂತೋಷದಿಂದ ಹತ್ತಿ ಕ್ಷೇಮವಾಗಿ ಇಳಿಯಬಹುದು. ಕೋವಿಯು ಮನೆಯಲ್ಲಿಯೇ ಇರಲಿ.