ತಾಲ್ಲೂಕು ಕೋರ್ಟಿಗೂ ಬೇಕು ಒಬ್ಬ ನೆಟ್‌ವರ್ಕ್ ಎಂಜಿನಿಯರ್

ಬಿ.ಇ. ಓದುವವರಿಗೆ ಕೆಲಸ ಎಂದರೆ ಬೆಂಗಳೂರು ಎಂಬುದು ಅಡ್ಮಿಷನ್ ಆದ ದಿನವೇ ತಲೆಯಲ್ಲಿ ಕೂತುಬಿಡುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬೆಳಿಗ್ಗೆ ಬಸ್ ಹತ್ತಿ ಮೈಸೂರಿನ ಕಾಲೇಜುಗಳಿಗೆ ಬರುವ ನನ್ನಂಥವರನ್ನು ಕೇಳಿ ನೋಡಿ. ಓದು ಮುಗಿದ ಮೇಲೆ ಊರಿನಲ್ಲೇ ಇರುತ್ತೀಯಾ ಎಂದರೆ ನಕ್ಕುಬಿಡುತ್ತಾರೆ. ಊರಿನಲ್ಲಿ ಇರುವುದು ತಂಬಾಕಿನ ಬ್ಯಾರನ್, ಭತ್ತದ ಗದ್ದೆ, ಕಾಡಂಚಿನ ಹೊಲ. ಎಂಜಿನಿಯರ್‌ಗೆ ಅಲ್ಲೇನು ಕೆಲಸ?

ಕೆಲಸ ಇದೆ. ತಾಲ್ಲೂಕು ಕೇಂದ್ರದ ನ್ಯಾಯಾಲಯದ ಆವರಣದಲ್ಲಿ, ದಿನಾಲೂ, ಬೆಳಿಗ್ಗೆಯಿಂದ ಸಂಜೆವರೆಗೂ ಇದೆ. ಆ ಕೆಲಸಕ್ಕೆ ತಕ್ಕ ಕಾಯಂ ಹುದ್ದೆಯೂ ಪ್ರತಿ ತಾಲ್ಲೂಕಿನಲ್ಲಿ ಇರಬೇಕು ಎಂಬುದು ನನ್ನ ವಾದ.

ಕೋರ್ಟ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕಪ್ಪು ಕೋಟು, ಕೆಂಪು ದಾರ ಕಟ್ಟಿದ ಕಡತ, ಹೆಸರು ಕೂಗುವ ಜವಾನ. ಆ ಕಡತದ ಹಿಂದೆ ಈಗ ಒಂದು ಕಂಪ್ಯೂಟರ್ ಜಾಲ ಬೆಳೆದಿದೆ. ಸುಪ್ರೀಂ ಕೋರ್ಟ್‌ನ ಇ-ಸಮಿತಿ 2005ರಲ್ಲಿ ರೂಪಿಸಿದ ನೀತಿಯ ಮೇಲೆ ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಶುರುವಾಯಿತು. ಮೊದಲ ಹಂತ 2015ರವರೆಗೆ, ಎರಡನೇ ಹಂತ 2023ರವರೆಗೆ ನಡೆಯಿತು. ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರ್ 13ರಂದು ಒಪ್ಪಿಗೆ ಕೊಟ್ಟಿತು. ನಾಲ್ಕು ವರ್ಷಕ್ಕೆ 7210 ಕೋಟಿ ರೂಪಾಯಿ.

ಇದರಿಂದ ಏನಾಗಿದೆ ಎಂಬುದನ್ನು ತಾಲ್ಲೂಕು ಮಟ್ಟದಲ್ಲೇ ನೋಡಬಹುದು. ಇಂದು ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಒಂದು ಪಾಲು ವಿಭಾಗದ ದಾವೆ ಹೂಡಿದರೆ ಅದಕ್ಕೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬೀಳುತ್ತದೆ. ಕೇಸ್ ಇನ್ಫರ್ಮೇಷನ್ ಸಿಸ್ಟಂ, ಅಂದರೆ ಸಿಐಎಸ್ ಎಂಬ ತಂತ್ರಾಂಶದಲ್ಲಿ ದಾವೆಯ ವಿವರ, ಪ್ರತಿ ವಾಯಿದೆಯ ನಡವಳಿ, ಆದೇಶ ಎಲ್ಲವೂ ದಾಖಲಾಗುತ್ತವೆ. ಆ ಸಂಖ್ಯೆ ಇದ್ದರೆ ಕಕ್ಷಿದಾರರು ಮನೆಯಲ್ಲೇ ಮೊಬೈಲ್‌ನಲ್ಲಿ ಮುಂದಿನ ವಾಯಿದೆ ಯಾವಾಗ ಎಂದು ನೋಡಿಕೊಳ್ಳಬಹುದು. ಅದೇ ಮಾಹಿತಿ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲಕ್ಕೂ ಹೋಗುತ್ತದೆ. ಸಮನ್ಸ್ ಜಾರಿ ಮಾಡುವವರ ಕೈಗೂ ಫೋನ್ ಬಂದಿದೆ. ಎಲ್ಲಿ, ಯಾವಾಗ ಜಾರಿಯಾಯಿತು ಎಂಬುದು ಎನ್‌ಸ್ಟೆಪ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಜೈಲಿನಲ್ಲಿರುವ ಆರೋಪಿಯನ್ನು ವಿಡಿಯೊ ಮೂಲಕ ಹಾಜರುಪಡಿಸಬಹುದು. ವಕೀಲರು ಇ-ಫೈಲಿಂಗ್ ಮಾಡಬಹುದು.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಖುಷಿಯ ಸಂಗತಿ ಇದೆ. ಈ ವ್ಯವಸ್ಥೆಯ ಬಹುಭಾಗ ನಿಂತಿರುವುದು ಮುಕ್ತ ತಂತ್ರಾಂಶದ ಮೇಲೆ. ಕಂಪ್ಯೂಟರ್‌ಗಳಲ್ಲಿ ಉಬುಂಟು ಲಿನಕ್ಸ್, ಹಿಂದೆ ಪೋಸ್ಟ್‌ಗ್ರೆಸ್ ದತ್ತಸಂಚಯ. ಲ್ಯಾಬ್‌ನಲ್ಲಿ ಅಂಕಕ್ಕಾಗಿ ಟೈಪ್ ಮಾಡಿ ಮರೆಯುವ ಕಮ್ಯಾಂಡ್‌ಗಳೇ ಅಲ್ಲಿ ರೈತರ ಜಮೀನಿನ ದಾಖಲೆಯನ್ನು ಕಾಯುತ್ತಿವೆ.

ಲಿಂಕ್ ಹೋದರೆ ಯಾರಿಗೆ ನಷ್ಟ?

ದೇಶದ ಸುಮಾರು 3000 ನ್ಯಾಯಾಲಯ ಸಂಕೀರ್ಣಗಳನ್ನು ವೈಡ್ ಏರಿಯಾ ನೆಟ್‌ವರ್ಕ್‌ಗೆ ಜೋಡಿಸುವ ಕೆಲಸ ಎರಡನೇ ಹಂತದಲ್ಲೇ ಬಹುಪಾಲು ಮುಗಿದಿದೆ. ಎಲ್ಲಿ ಆಪ್ಟಿಕಲ್ ಫೈಬರ್ ಎಳೆಯಲು ಆಗಲಿಲ್ಲವೋ ಅಲ್ಲಿ ರೇಡಿಯೊ, ಉಪಗ್ರಹದ ದಾರಿ ಹಿಡಿಯಲಾಗಿದೆ. ಕಾಗದದ ಮೇಲೆ ಎಲ್ಲ ಊರೂ ಒಂದೇ ಜಾಲದಲ್ಲಿದೆ. ಜಾಲದಲ್ಲಿರುವುದು ಬೇರೆ, ಕೆಟ್ಟಾಗ ಸರಿಯಾಗುವುದು ಬೇರೆ. ರಸ್ತೆ ಅಗಲ ಮಾಡುವಾಗ ಜೆಸಿಬಿಯ ಹಲ್ಲಿಗೆ ಕೇಬಲ್ ಸಿಕ್ಕಿದರೆ, ಸಿಡಿಲಿಗೆ ಸ್ವಿಚ್ ಸುಟ್ಟರೆ, ಯುಪಿಎಸ್ ಬ್ಯಾಟರಿ ಕೈಕೊಟ್ಟರೆ ಮೈಸೂರಿನಿಂದ ಯಾರಾದರೂ ಬರಬೇಕು. ಹುಣಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣಕ್ಕೆ 70 ಕಿ.ಮೀ. ದಾರಿ.

ಅಷ್ಟು ಹೊತ್ತಿನಲ್ಲಿ ಕೋರ್ಟ್ ಆವರಣದಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಕಾಡಂಚಿನ ಹಾಡಿಯಿಂದ ಎರಡು ಬಸ್ ಬದಲಿಸಿ ಎಚ್.ಡಿ. ಕೋಟೆಗೆ ಬಂದ ಸಾಕ್ಷಿದಾರ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾನೆ. ವಿಡಿಯೊ ಮೂಲಕ ಹೇಳಿಕೆ ಕೊಡಬೇಕಾದ ವೈದ್ಯರು ಬೇರೆ ಜಿಲ್ಲೆಯಲ್ಲಿ ಕಾಯುತ್ತಿರುತ್ತಾರೆ. ಲಿಂಕ್ ಬಾರದಿದ್ದರೆ ಸಿಗುವುದು ಇನ್ನೊಂದು ವಾಯಿದೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಸುಮ್ಮನೆ ಅಲ್ಲ. ಅಲೆದಾಟದಲ್ಲೇ ಬಡವರು ಸೋಲುತ್ತಾರೆ. ಅಲೆದಾಟ ತಪ್ಪಿಸಲೆಂದು ತಂದ ಯಂತ್ರವೇ ಅಲೆದಾಟಕ್ಕೆ ಹೊಸ ಕಾರಣವಾಗಬಾರದು.

ಹೊಸ ಕಾನೂನುಗಳು ಈ ಕೆಲಸವನ್ನು ಇನ್ನೂ ಹೆಚ್ಚಿಸಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊದಲ್ಲಿ ಚಿತ್ರೀಕರಿಸಬೇಕು. ವಿಚಾರಣೆಯನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಲು 530ನೇ ಕಲಂ ಅವಕಾಶ ಕೊಡುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯ ಬರೆಯಬೇಕು. ಒಂದು ಬಿಟ್ ಬದಲಾದರೂ ಹ್ಯಾಶ್ ಬದಲಾಗುತ್ತದೆ ಎಂದು ನಾವು ಕ್ರಿಪ್ಟೊಗ್ರಫಿ ತರಗತಿಯಲ್ಲಿ ಓದುತ್ತೇವೆ. ಅದು ಈಗ ಒಬ್ಬ ಮನುಷ್ಯನ ಬಿಡುಗಡೆಯನ್ನೋ ಶಿಕ್ಷೆಯನ್ನೋ ನಿರ್ಧರಿಸುವ ಸಂಗತಿ. ಇಂಥ ಕಡತಗಳು ತಾಲ್ಲೂಕು ನ್ಯಾಯಾಲಯಕ್ಕೂ ಬರುತ್ತವೆ. ಅವನ್ನು ಯಾವ ಡಿಸ್ಕ್‌ನಲ್ಲಿ ಇಡಬೇಕು, ಯಾರು ತೆರೆಯಬಹುದು, ಪ್ರತಿ ತೆಗೆದಿಡುವುದು ಹೇಗೆ ಎಂಬುದನ್ನು ನೋಡಿಕೊಳ್ಳಲು ತಿಳಿದ ಕೈ ಬೇಕು.

ಭದ್ರತೆಯ ಮಾತಂತೂ ಹೇಳುವುದೇ ಬೇಡ. 2023ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್‌ನ ಆನ್‌ಲೈನ್ ಕಲಾಪಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ಹಾಕಿದರು. ವಿಡಿಯೊ ಕಾನ್ಫರೆನ್ಸ್ ಮತ್ತು ನೇರ ಪ್ರಸಾರವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಯೂಟ್ಯೂಬ್ ಚಾನೆಲ್ ಹ್ಯಾಕ್ ಆಗಿ ಕ್ರಿಪ್ಟೊ ಕರೆನ್ಸಿಯ ವಿಡಿಯೊ ಕಾಣಿಸಿಕೊಂಡಿತು. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ 2024ರ ಜುಲೈನಲ್ಲಿ ರಾನ್ಸಮ್‌ವೇರ್ ದಾಳಿಯಾಗಿ ಅಲ್ಲಿನ 36 ನ್ಯಾಯಾಲಯ ಕಟ್ಟಡಗಳನ್ನೂ ಒಂದು ದಿನ ಮುಚ್ಚಬೇಕಾಯಿತು. ಬರ್ಲಿನ್‌ನ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಎಮೊಟೆಟ್ ಎಂಬ ಕುತಂತ್ರಾಂಶದ ಕಾಟಕ್ಕೆ ತನ್ನ ಜಾಲವನ್ನೇ ಕಡಿದುಕೊಂಡು ಕೂರಬೇಕಾಯಿತು. ಹಣವಿರುವ ದೊಡ್ಡ ಕೋರ್ಟ್‌ಗಳ ಪಾಡೇ ಹೀಗಾದರೆ, ಒಂದು ಪೆನ್‌ಡ್ರೈವ್ ಸಾಕಾಗುವ ತಾಲ್ಲೂಕು ಕಚೇರಿಯ ಕಾವಲು ಯಾರದು?

ನೂರು ರೂಪಾಯಿಯಲ್ಲಿ 79 ಪೈಸೆ

ಮೂರನೇ ಹಂತದ 7210 ಕೋಟಿ ರೂಪಾಯಿಯ ಬಾಬ್ತುವಾರು ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿದೆ. ಹಳೆಯ ದಾಖಲೆಗಳ ಸ್ಕ್ಯಾನಿಂಗ್ ಮತ್ತು ಸಂರಕ್ಷಣೆಗೆ 2038.40 ಕೋಟಿ, ಕ್ಲೌಡ್ ವ್ಯವಸ್ಥೆಗೆ 1205.23 ಕೋಟಿ, ಸೌರ ವಿದ್ಯುತ್ ಬ್ಯಾಕಪ್‌ಗೆ 229.50 ಕೋಟಿ, ಸಂಪರ್ಕ ಜಾಲಕ್ಕೆ 208.72 ಕೋಟಿ. ಮಾನವ ಸಂಪನ್ಮೂಲಕ್ಕೆ? 56.67 ಕೋಟಿ. ನೂರು ರೂಪಾಯಿಯಲ್ಲಿ ಸುಮಾರು 79 ಪೈಸೆ.

ಸುಮ್ಮನೆ ಅಳತೆಗಾಗಿ ಈ ಹಣವನ್ನು 3000 ಸಂಕೀರ್ಣಗಳಿಗೆ, 48 ತಿಂಗಳಿಗೆ ಹಂಚಿ ನೋಡಿ. ಒಂದು ಸಂಕೀರ್ಣಕ್ಕೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಯೂ ಬರುವುದಿಲ್ಲ. ಹಣವನ್ನು ಯಾರೂ ಹೀಗೆ ಹಂಚುವುದಿಲ್ಲ, ನಿಜ. ತರಬೇತಿಗೆ ಬೇರೆಯಾಗಿ 208.52 ಕೋಟಿ ಇದೆ, ಸಿಬ್ಬಂದಿಗೆ ರಾಜ್ಯಗಳೂ ಖರ್ಚು ಮಾಡಬಹುದು. ಆದರೂ ಯೋಜನೆಯ ಕಣ್ಣಿಗೆ ಯಂತ್ರ ಎಷ್ಟು ದೊಡ್ಡದಾಗಿ, ಅದನ್ನು ನಡೆಸುವ ಮನುಷ್ಯ ಎಷ್ಟು ಸಣ್ಣದಾಗಿ ಕಾಣುತ್ತಾನೆ ಎಂಬುದನ್ನು ಈ ಲೆಕ್ಕ ಹೇಳುತ್ತದೆ. ಬಾವಿ ತೋಡಿ ಹಗ್ಗ ಕೊಳ್ಳದ ಹಾಗೆ ಆಗಿದೆ ಇದು.

ಮೊದಲ ಹಂತದಲ್ಲಿ ಸಿಸ್ಟಂ ಆಫೀಸರ್, ಸಿಸ್ಟಂ ಅಸಿಸ್ಟೆಂಟ್ ಎಂಬ ಹೆಸರಿನಲ್ಲಿ ತಾಂತ್ರಿಕ ಸಿಬ್ಬಂದಿಯನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳಲಾಗಿತ್ತು. ಆಮೇಲೆ ನ್ಯಾಯಾಲಯದ ನೌಕರರಲ್ಲೇ ಕಂಪ್ಯೂಟರ್ ಬಲ್ಲವರಿಗೆ ತರಬೇತಿ ಕೊಟ್ಟು ಜಿಲ್ಲಾ ಸಿಸ್ಟಂ ಅಡ್ಮಿನಿಸ್ಟ್ರೇಟರ್‌ಗಳನ್ನಾಗಿ ಮಾಡುವ ದಾರಿಗೆ ಒತ್ತು ಬಂತು. ಅವರ ಶ್ರಮದಿಂದಲೇ ವ್ಯವಸ್ಥೆ ನಡೆಯುತ್ತಿದೆ, ಅದನ್ನು ಮರೆಯಬಾರದು. ಆದರೆ ಶಾಖೆಯ ಕೆಲಸ ಮಾಡುತ್ತಾ ಫೈರ್‌ವಾಲ್ ಕೂಡ ನೋಡಿಕೊಳ್ಳಿ ಎನ್ನುವುದು ನ್ಯಾಯವಲ್ಲ. ಗುತ್ತಿಗೆ ನೌಕರನಿಗೆ ವರ್ಷದ ಕೊನೆಯಲ್ಲಿ ಮುಂದುವರಿಸುತ್ತಾರೋ ಇಲ್ಲವೋ ಎಂಬ ಚಿಂತೆ. ಅವನು ಬಿಟ್ಟುಹೋದ ದಿನ ಪಾಸ್‌ವರ್ಡ್, ಕೇಬಲ್‌ಗಳ ನಕ್ಷೆ, ದುರಸ್ತಿಯ ಅನುಭವ ಎಲ್ಲವೂ ಅವನ ಜೊತೆಗೇ ಹೋಗುತ್ತವೆ.

ಜಿಲ್ಲಾ ನ್ಯಾಯಾಲಯಗಳ ನೇಮಕಾತಿ ಪ್ರಕಟಣೆಗಳನ್ನು ಉದ್ಯೋಗ ಹುಡುಕುವ ನೀವೆಲ್ಲ ನೋಡಿರುತ್ತೀರಿ. ಸಾಮಾನ್ಯವಾಗಿ ಕಾಣುವುದು ಶೀಘ್ರಲಿಪಿಗಾರ, ಬೆರಳಚ್ಚುಗಾರ, ಆದೇಶ ಜಾರಿಕಾರ, ಜವಾನ. ಇವೆಲ್ಲ ಗೌರವದ ಹುದ್ದೆಗಳೇ. ಆದರೆ ಬಿ.ಇ. ಮುಗಿಸಿದವರು ಬೆರಳಚ್ಚಿನ ಪರೀಕ್ಷೆ ಕಟ್ಟಿ ಆ ಸಾಲಿನಲ್ಲಿ ನಿಂತರೆ, ಅದನ್ನೇ ನಂಬಿ ವರ್ಷಗಟ್ಟಲೆ ಟೈಪಿಂಗ್ ಕಲಿತವರ ಅವಕಾಶ ಹೋಗುತ್ತದೆ, ಎಂಜಿನಿಯರ್ ಕಲಿತದ್ದೂ ವ್ಯರ್ಥವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಎಲ್ಲವೂ ಕ್ಲೌಡ್‌ಗೆ ಹೋಗುತ್ತಿರುವಾಗ, ಸರ್ವರ್ ಎಲ್ಲೋ ಇರುವಾಗ, ತಾಲ್ಲೂಕಿನಲ್ಲಿ ಎಂಜಿನಿಯರ್ ಯಾಕೆ ಎಂದು ನನ್ನ ತರಗತಿಯವರೇ ಕೇಳಿದರು. ಉತ್ತರ ಸರಳ. ಸರ್ವರ್ ಕಟ್ಟಡದೊಳಗೆ ಇದ್ದಾಗ ಹೊರಗಿನ ಲಿಂಕ್ ಹೋದರೂ ಒಳಗಿನ ಕೆಲಸ ಒಂದಿಷ್ಟು ಸಾಗುತ್ತದೆ. ಸರ್ವರ್ ದೂರ ಹೋದ ಮೇಲೆ ಲಿಂಕೇ ಪ್ರಾಣ. ದೂರದಿಂದ ಪಾಸ್‌ವರ್ಡ್ ಬದಲಿಸಬಹುದು, ಸುಟ್ಟ ಸ್ವಿಚ್ ಬದಲಿಸಲಾಗದು. ಒಂದು ತಾಲ್ಲೂಕಿನಲ್ಲಿ ದಿನವಿಡೀ ಕೆಲಸ ಇರುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಸ್ಕ್ಯಾನಿಂಗ್‌ನ ತಪಾಸಣೆ, ಬ್ಯಾಕಪ್, ವಿಡಿಯೊ ಸಾಕ್ಷ್ಯಕ್ಕೆ ಸಂಪರ್ಕ, ಇ-ಸೇವಾ ಕೇಂದ್ರದಲ್ಲಿ ಕಕ್ಷಿದಾರರಿಗೆ ನೆರವು, ವಕೀಲರಿಗೆ ಇ-ಫೈಲಿಂಗ್ ಕಲಿಸುವುದು ಎಲ್ಲ ಸೇರಿದರೆ ದಿನ ಸಾಲದು.

ಏನು ಮಾಡಬಹುದು?

ಹೈಕೋರ್ಟ್ ಮತ್ತು ರಾಜ್ಯ ಸರ್ಕಾರದ ಮುಂದೆ ಮೂರು ಬೇಡಿಕೆ ಇಡಬಹುದು. ಒಂದು, ನ್ಯಾಯಾಲಯ ನೌಕರರ ನೇಮಕಾತಿ ನಿಯಮಗಳಲ್ಲಿ ತಾಂತ್ರಿಕ ವೃಂದಕ್ಕೆ ಸ್ಪಷ್ಟ ಜಾಗ ಕೊಟ್ಟು, ಪ್ರತಿ ತಾಲ್ಲೂಕು ಸಂಕೀರ್ಣಕ್ಕೆ ಡಿಪ್ಲೊಮಾ ಅಥವಾ ಬಿ.ಇ. ಆದ ಒಬ್ಬರನ್ನು ಕಾಯಂ ಆಗಿ ನೇಮಿಸುವುದು. ಈಗಾಗಲೇ ಈ ಕೆಲಸದಲ್ಲಿ ಪಳಗಿದವರ ಅನುಭವಕ್ಕೆ ಅಂಕ ಕೊಡುವುದು. ಒಮ್ಮೆಗೇ ಆಗದಿದ್ದರೆ ಈ ನಾಲ್ಕು ತಾಲ್ಲೂಕುಗಳನ್ನೇ ಪ್ರಯೋಗಕ್ಕೆ ತೆಗೆದುಕೊಳ್ಳಲಿ. ಹುಣಸೂರು-ಪಿರಿಯಾಪಟ್ಟಣಕ್ಕೆ ಒಬ್ಬರು, ಕೆ.ಆರ್. ನಗರಕ್ಕೆ ಒಬ್ಬರು, ಕಾಡಂಚಿನ ಎಚ್.ಡಿ. ಕೋಟೆಗೆ ಒಬ್ಬರು. ಎರಡು, ಲಿಂಕ್ ಎಷ್ಟು ಹೊತ್ತು ಇರಲಿಲ್ಲ, ಎಷ್ಟು ವಿಚಾರಣೆ ಮುಂದಕ್ಕೆ ಹೋಯಿತು ಎಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಪ್ರಕಟಿಸುವುದು. ಬಾಕಿ ಪ್ರಕರಣಗಳ ಸಂಖ್ಯೆಯನ್ನು ದೇಶಕ್ಕೇ ತೋರಿಸುವ ವ್ಯವಸ್ಥೆಗೆ ಇದು ಕಷ್ಟವೇನಲ್ಲ. ಮೂರು, ವಿಟಿಯು ವಿದ್ಯಾರ್ಥಿಗಳಿಗೆ ಕೊನೆಯ ವರ್ಷ ಕಡ್ಡಾಯವಾಗಿರುವ ಇಂಟರ್ನ್‌ಶಿಪ್‌ಗೆ ನ್ಯಾಯಾಲಯಗಳ ಬಾಗಿಲು ತೆರೆಯುವುದು. ಕಕ್ಷಿದಾರರ ಗುಟ್ಟು ಇರುವ ದತ್ತಸಂಚಯ ಮುಟ್ಟಿಸುವುದು ಬೇಡ. ಕೇಬಲ್, ಪ್ರಿಂಟರ್, ಇ-ಸೇವಾ ಕೌಂಟರ್ ಸಾಕು.

ನಾವೂ ಸುಮ್ಮನೆ ಕೂರಬಾರದು. ಹುದ್ದೆ ಬಂದ ದಿನ ಅರ್ಹತೆ ಇರಬೇಕು. ಲಿನಕ್ಸ್ ಆಡಳಿತ, ರೂಟಿಂಗ್-ಸ್ವಿಚಿಂಗ್, ಪೋಸ್ಟ್‌ಗ್ರೆಸ್‌ನಲ್ಲಿ ಬ್ಯಾಕಪ್ ತೆಗೆದು ಮತ್ತೆ ಕೂರಿಸುವುದು, ಲಾಗ್ ಓದುವುದು ಇಷ್ಟನ್ನು ಹಳೆಯ ಎರಡು ಕಂಪ್ಯೂಟರ್ ಇಟ್ಟುಕೊಂಡು ಮನೆಯಲ್ಲೇ ಕಲಿಯಬಹುದು. ಜೊತೆಗೆ ಯೂನಿಕೋಡ್ ಕನ್ನಡ ಟೈಪಿಂಗ್, ಮತ್ತು ವಾದಿ, ಪ್ರತಿವಾದಿ, ವಕಾಲತ್ತು, ಜಪ್ತಿ, ಅಮಲ್ಜಾರಿ ಎಂಬ ಮಾತುಗಳ ಅರ್ಥ. ಶಿರಸ್ತೇದಾರರು ಹೇಳಿದ ತೊಂದರೆ ಅರ್ಥವಾಗದ ಎಂಜಿನಿಯರ್‌ನಿಂದ ಕೋರ್ಟಿಗೆ ಉಪಯೋಗವಿಲ್ಲ. ತಾಲ್ಲೂಕು ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಎಲ್ಲರಿಗೂ ತೆರೆದದ್ದು. ರಜೆಯಲ್ಲಿ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಯಾವ ಹಂತದಲ್ಲಿ ಕಂಪ್ಯೂಟರ್ ಬೇಕಾಗುತ್ತದೆ, ಎಲ್ಲಿ ಕೆಲಸ ನಿಲ್ಲುತ್ತದೆ ಎಂಬುದು ಯಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಈ ನಾಲ್ಕು ತಾಲ್ಲೂಕಿಗೆ ನಾಲ್ಕು ಹುದ್ದೆ ಬಂದರೆ ನಮ್ಮೆಲ್ಲರ ನಿರುದ್ಯೋಗ ನೀಗುವುದಿಲ್ಲ. ಆದರೆ ತಾಲ್ಲೂಕು ಕೇಂದ್ರದಲ್ಲೂ ಎಂಜಿನಿಯರ್‌ಗೆ ಮರ್ಯಾದೆಯ ಕೆಲಸ ಇದೆ ಎಂದು ಸರ್ಕಾರ ಒಪ್ಪಿಕೊಂಡ ಹಾಗೆ ಆಗುತ್ತದೆ. ಇಂದು ಕೋರ್ಟ್, ನಾಳೆ ಆಸ್ಪತ್ರೆ, ನಾಡಿದ್ದು ಉಪ ನೋಂದಣಿ ಕಚೇರಿ. ಎಲ್ಲ ಕಡೆ ಕಂಪ್ಯೂಟರ್ ಬಂದು ಕೂತಿದೆ. ಅದರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಎಂದು ಕೇಳುವುದು ತಪ್ಪಲ್ಲ.