ಚೈನಿನ ಲೆಕ್ಕ ಟ್ರ್ಯಾಕಿಗೆ, ರಸ್ತೆಗಲ್ಲ

2025ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಗಂಗಾವತಿಯ ವ್ಹೀಲಿ ಪ್ರಕರಣವೊಂದರಲ್ಲಿ ಆರೋಪಿಗೆ ಜಾಮೀನು ನಿರಾಕರಿಸಿತು. ವ್ಹೀಲಿ ತಡೆಯಲು ಈಗಿರುವ ಕಾನೂನು ಸಾಲದು, ಕಠಿಣ ನಿಯಮ ಬೇಕು ಎಂದು ರಾಜ್ಯ ಸರ್ಕಾರಕ್ಕೂ ಹೇಳಿತು. ಗಂಗಾವತಿ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಊರು. ಇಂಥ ಸುದ್ದಿ ಬಂದಾಗಲೆಲ್ಲ ಹಿರಿಯರು ‘ಈಗಿನ ಹುಡುಗರಿಗೆ ಬೈಕ್ ಕೊಡಿಸುವುದೇ ತಪ್ಪು’ ಎನ್ನುತ್ತಾರೆ. ಹುಡುಗರು ರೀಲ್ಸ್ ನೋಡುವುದನ್ನು ಬಿಡುವುದಿಲ್ಲ. ವೇಗದ ಹುಚ್ಚು ಇರುವವನು ಅದನ್ನು ಕಾನೂನಿನ ಒಳಗೇ ತೋರಿಸಲು ಜಾಗ ಎಲ್ಲಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಬೈಕಿನ ಒಂದು ಅಗ್ಗದ ಭಾಗದಿಂದಲೇ ಬಿಡಿಸಿ ನೋಡಬಹುದು. ಅದು ಚೈನ್ ಮತ್ತು ಸ್ಪ್ರಾಕೆಟ್.

ಮೋಟಾರ್ ಸೈಕಲ್ ರೇಸ್ ಎಂದರೆ ಕೋಟಿಗಟ್ಟಲೆ ಬೆಲೆಯ ಯಂತ್ರಗಳ ಆಟ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಶೋರೂಮಿನಲ್ಲಿ ಸಿಗುವ ಬೈಕುಗಳಿಗಾಗಿಯೇ ಪ್ರೊಡಕ್ಷನ್ ಅಥವಾ ಸ್ಟಾಕ್ ಎಂಬ ವರ್ಗಗಳಿವೆ. ನಮ್ಮ ದೇಶದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ 165 ಸಿಸಿ ಬೈಕುಗಳಿಗೆ, ಹೊಸಬರಿಗೆ, ಹುಡುಗಿಯರಿಗೆ ಬೇರೆ ಬೇರೆ ವರ್ಗಗಳು ನಡೆದುಕೊಂಡು ಬಂದಿವೆ. ಇವುಗಳ ಹಿಂದಿನ ತತ್ವ ಸರಳ. ಎಲ್ಲರ ಕೈಗೂ ಹೆಚ್ಚುಕಡಿಮೆ ಒಂದೇ ಯಂತ್ರ ಕೊಟ್ಟರೆ ಗೆಲ್ಲುವುದು ದುಡ್ಡಲ್ಲ, ಸವಾರ ಮತ್ತು ಮೆಕ್ಯಾನಿಕ್. ಆದ್ದರಿಂದ ಎಂಜಿನ್, ಫ್ರೇಮ್‌ಗಳಲ್ಲಿ ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂಬುದನ್ನು ನಿಯಮ ಪುಸ್ತಕ ಕಟ್ಟುನಿಟ್ಟಾಗಿ ಹೇಳುತ್ತದೆ.

ಇಷ್ಟು ಬಿಗಿಯ ನಡುವೆಯೂ ಸಾಮಾನ್ಯವಾಗಿ ಬಿಟ್ಟುಕೊಡುವ ಒಂದು ಸ್ವಾತಂತ್ರ್ಯವಿದೆ. ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟವಾದ ಎಫ್‌ಐಎಂನ ಸೂಪರ್‌ಸ್ಟಾಕ್, ಸೂಪರ್‌ಸ್ಪೋರ್ಟ್ ನಿಯಮಗಳಲ್ಲಿ ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್, ಚೈನಿನ ಪಿಚ್ ಮತ್ತು ಅಳತೆ ಬದಲಿಸಲು ಅವಕಾಶವಿದೆ. ಟ್ರ್ಯಾಕಿನಿಂದ ಟ್ರ್ಯಾಕಿಗೆ ನೇರ ದಾರಿಯ ಉದ್ದ ಬೇರೆ, ತಿರುವು ಬೇರೆ. ಗೇರ್‌ಬಾಕ್ಸ್ ಬಿಚ್ಚದೆ ಬೈಕನ್ನು ಆ ಟ್ರ್ಯಾಕಿಗೆ ಹೊಂದಿಸಲು ಇರುವ ಅಗ್ಗದ ದಾರಿ ಇದೇ.

ಲೆಕ್ಕ ಪಿಯುಸಿ ಮಟ್ಟದ್ದು. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಅನುಪಾತ 3. ಮುಂದಿನದನ್ನು 15 ಮಾಡಿದರೆ 2.8. ಹಿಂದಿನದನ್ನು 39ಕ್ಕೆ ಇಳಿಸಿದರೂ ಹತ್ತಿರ ಹತ್ತಿರ ಅಷ್ಟೇ, 2.79. ಅಂದರೆ ಇಲ್ಲಿ ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ. ಅನುಪಾತ ಕಡಿಮೆಯಾದರೆ ಅದೇ ಆರ್‌ಪಿಎಂಗೆ ಚಕ್ರ ಹೆಚ್ಚು ಸುತ್ತುತ್ತದೆ, ಆದರೆ ಎಳೆಯುವ ಬಲ ಇಳಿಯುತ್ತದೆ. ಅನುಪಾತ ಹೆಚ್ಚಿದರೆ ಎಳೆತ ಹೆಚ್ಚು, ಓಟ ಕಡಿಮೆ.

ಇಲ್ಲೇ ಗ್ಯಾರೇಜುಗಳಲ್ಲಿ ಕೇಳುವ ಒಂದು ತಪ್ಪು ಕಲ್ಪನೆ ಇದೆ. ‘ಹಿಂದೆ ಸಣ್ಣ ಸ್ಪ್ರಾಕೆಟ್ ಹಾಕು, ಟಾಪ್ ಸ್ಪೀಡ್ ಏರುತ್ತದೆ’ ಎನ್ನುತ್ತಾರೆ. ಆದರೆ ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಬೆಳೆಯುತ್ತದೆ. ವೇಗ 10% ಹೆಚ್ಚಬೇಕಾದರೆ ಶಕ್ತಿ ಸುಮಾರು 33% ಹೆಚ್ಚಬೇಕು. ಸ್ಪ್ರಾಕೆಟ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಹಂಚುತ್ತದೆ. ಅನುಪಾತ ಮಿತಿಮೀರಿ ಇಳಿಸಿದರೆ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಆರ್‌ಪಿಎಂ ಮುಟ್ಟುವುದೇ ಇಲ್ಲ, ಬೈಕ್ ಮೊದಲಿಗಿಂತ ನಿಧಾನವಾಗುತ್ತದೆ. ಗಾಳಿ ತಡೆದು ನಿಲ್ಲಿಸುವ ವೇಗ ಮತ್ತು ಗರಿಷ್ಠ ಶಕ್ತಿಯ ಆರ್‌ಪಿಎಂ ಎರಡೂ ಒಂದೇ ಬಿಂದುವಿನಲ್ಲಿ ಸೇರುವಂತೆ ಹಲ್ಲು ಆರಿಸುವುದೇ ವೇಗದ ಸ್ಪರ್ಧೆಯ ಜಾಣತನ.

ಚೈನಿನ ಆಯ್ಕೆಯೂ ಲೆಕ್ಕವೇ. 428, 520, 530 ಎಂಬ ಸಂಖ್ಯೆಗಳಲ್ಲಿ ಮೊದಲ ಅಂಕಿ ಪಿಚ್ ಅನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತದೆ. 4 ಎಂದರೆ 12.7 ಮಿ.ಮೀ., 5 ಎಂದರೆ 15.875 ಮಿ.ಮೀ. ಉಳಿದೆರಡು ಅಂಕಿ ಅಗಲಕ್ಕೆ ಸಂಬಂಧಿಸಿದ್ದು. ದೊಡ್ಡ ಬೈಕುಗಳಲ್ಲಿ 530 ತೆಗೆದು ಕಿರಿದಾದ 520 ಹಾಕಿದರೆ ತಿರುಗುವ ತೂಕ ಇಳಿಯುತ್ತದೆ, ಆಯುಷ್ಯವೂ ಇಳಿಯುತ್ತದೆ. ಓ-ರಿಂಗ್ ಇರುವ ಚೈನಿನಲ್ಲಿ ಗ್ರೀಸ್ ಒಳಗೇ ಉಳಿಯುತ್ತದೆ, ಬದಲಿಗೆ ಸ್ವಲ್ಪ ಘರ್ಷಣೆ ಹೆಚ್ಚು. ಮುಂದಿನ ಸ್ಪ್ರಾಕೆಟ್ ತೀರ ಸಣ್ಣದಾದರೆ ಇನ್ನೊಂದು ತೊಂದರೆ. ಚೈನ್ ವೃತ್ತದ ಮೇಲಲ್ಲ, ಬಹುಭುಜದ ಮೇಲೆ ಸುತ್ತುವುದರಿಂದ ಅದರ ವೇಗ ಪ್ರತಿ ಹಲ್ಲಿಗೂ ಏರಿಳಿಯುತ್ತದೆ. 17 ಹಲ್ಲಿಗೆ ಈ ಏರಿಳಿತ ಸುಮಾರು 1.7%, 13 ಹಲ್ಲಿಗೆ ಸುಮಾರು 2.9%. ಮೆಕ್ಯಾನಿಕಲ್ ಓದುವವರು ಚೈನ್ ಡ್ರೈವ್ ಪಾಠದಲ್ಲಿ ಅಂಕಕ್ಕಾಗಿ ಬರೆಯುವ ವಿಷಯ ಇದೇ. ರೇಸಿನಲ್ಲಿ ಅದು ಸೆಕೆಂಡಿನ ಭಾಗವಾಗುತ್ತದೆ.

ಈಗ ವ್ಹೀಲಿಗೆ ಬರೋಣ. ಮುಂದಿನ ಚಕ್ರ ಸುಲಭವಾಗಿ ಏಳಲೆಂದು ಸ್ಟಂಟ್ ಮಾಡುವವರು ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿಸುತ್ತಾರೆ. ಆದರೆ ಸುಮಾರು 402 ಮೀಟರ್ ನೇರ ಓಟದ ಡ್ರ್ಯಾಗ್ ರೇಸಿನಲ್ಲಿ ಮುಂದಿನ ಚಕ್ರ ಎದ್ದರೆ ಅದು ನಷ್ಟ. ಸವಾರ ಥ್ರಾಟಲ್ ಇಳಿಸಬೇಕಾಗುತ್ತದೆ, ಸಮಯ ಹೋಗುತ್ತದೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಬಾರಿ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್ ಆದದ್ದು ಚಕ್ರ ಎತ್ತಿ ತೋರಿಸಿ ಅಲ್ಲ, ಎರಡೂ ಚಕ್ರ ನೆಲಕ್ಕಂಟಿಸಿ ಓಡಿಸಿ. ನಮ್ಮ ರಸ್ತೆಗಳಲ್ಲಿ ಶಿಳ್ಳೆ ಗಿಟ್ಟಿಸುವುದು ಟ್ರ್ಯಾಕಿನಲ್ಲಿ ಸೋಲಿಸುತ್ತದೆ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸ್ಪ್ರಾಕೆಟ್ ಬದಲಿಸಲು ಬಿಡುವ ಎಫ್‌ಐಎಂ ನಿಯಮವೇ, ಕೆಳಗಿನ ಚೈನ್ ಹಿಂದಿನ ಸ್ಪ್ರಾಕೆಟ್ ಸೇರುವಲ್ಲಿ ಕೈಕಾಲು ಸಿಕ್ಕಿಕೊಳ್ಳದಂತೆ ಗಾರ್ಡ್ ಕಡ್ಡಾಯ ಮಾಡಿದೆ. ನಮ್ಮಲ್ಲಿ ಬೈಕಿಗೆ ‘ರೇಸಿಂಗ್ ಲುಕ್’ ಬೇಕೆನ್ನುವವರು ಮೊದಲು ಕಿತ್ತೆಸೆಯುವುದೇ ಚೈನ್ ಕವರ್ ಮತ್ತು ಸೀರೆ ಗಾರ್ಡ್. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ರಕ್ಷಣೆ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅವ್ವ, ಅಕ್ಕ ಹಿಂದೆ ಕೂರುವ ಬೈಕ್ ಅದು. ಮಳೆಗಾಲದಲ್ಲಿ ಎರೆಹೊಲದ ದಾರಿಯ ರಾಡಿ ತೆರೆದ ಚೈನಿಗೆ ಮೆತ್ತಿಕೊಂಡರೆ ಏನಾಗುತ್ತದೆ ಎಂದು ಗದಗ ಸೀಮೆಯವರಿಗೆ ಹೇಳಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳಲ್ಲಿ ಚೈನ್ ಪೂರ್ತಿ ಮುಚ್ಚಿಕೊಂಡಿರುತ್ತಿತ್ತು. ನಮ್ಮ ದಾರಿಗಳಿಗೆ ಅದೇ ಸರಿ. ವೇಗದಲ್ಲಿ ಚೈನ್ ತುಂಡಾದರೆ ಹಿಂದಿನ ಚಕ್ರ ಲಾಕ್ ಆಗಬಹುದು, ಎಂಜಿನ್ ಕೇಸ್ ಒಡೆಯಬಹುದು.

ಕಾನೂನೂ ಸ್ಪಷ್ಟವಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 189ರಂತೆ ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದ ರೇಸಿಗೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಾಯ್ದೆ ಒಪ್ಪದ ಮಾರ್ಪಾಡಿಗೆ ಸೆಕ್ಷನ್ 182ಎ ಅಡಿ ವಾಹನದ ಮಾಲೀಕನ ಮೇಲೆ ಕ್ರಮವಿದೆ. ನಮ್ಮಲ್ಲಿ ಬಹಳ ಬೈಕುಗಳು ಅಪ್ಪನ ಹೆಸರಿನಲ್ಲಿವೆ ಎಂಬುದನ್ನು ಮರೆಯಬಾರದು. ಇನ್ನು ಉದ್ಯೋಗ ಹುಡುಕುವವನ ಮೇಲೆ ಒಂದು ಕ್ರಿಮಿನಲ್ ಪ್ರಕರಣ ದಾಖಲಾದರೆ ಪೊಲೀಸ್ ಪರಿಶೀಲನೆಯ ಹೊತ್ತಿಗೆ ಅದರ ಬೆಲೆ ದಂಡಕ್ಕಿಂತ ದೊಡ್ಡದು.

ಆದರೆ ದಂಡ ಹೆಚ್ಚಿಸುವುದರಿಂದಲೇ ಎಲ್ಲ ಸರಿಹೋಗುತ್ತದೆಯೇ? ಇರುಂಗಾಟುಕೊಟ್ಟೈ ಚೆನ್ನೈ ಹತ್ತಿರ, ಕರಿ ಮೋಟಾರ್ ಸ್ಪೀಡ್‌ವೇ ಕೊಯಮತ್ತೂರಿನಲ್ಲಿ, ಬುದ್ಧ ಸರ್ಕಿಟ್ ಗ್ರೇಟರ್ ನೋಯ್ಡಾದಲ್ಲಿ. ಗದಗ, ಕೊಪ್ಪಳದ ಹುಡುಗನಿಗೆ ಇವೆಲ್ಲ ಬೇರೆ ಲೋಕ. ಪ್ರಯಾಣ, ಲೈಸೆನ್ಸ್, ಹೆಲ್ಮೆಟ್, ಚರ್ಮದ ಸೂಟ್ ಎಲ್ಲಕ್ಕೂ ದುಡ್ಡು ಬೇಕು. ಸ್ಟಾಕ್ ವರ್ಗ ಬೈಕಿನ ಖರ್ಚನ್ನು ಇಳಿಸಿದರೂ ದೂರವನ್ನು ಇಳಿಸಲಾರದು. ಡ್ರ್ಯಾಗ್ ಓಟಕ್ಕೆ ದೊಡ್ಡ ಸರ್ಕಿಟ್ ಬೇಕಿಲ್ಲ. ಓಡಲು ಮತ್ತು ಸುರಕ್ಷಿತವಾಗಿ ನಿಲ್ಲಲು ಸಾಕಾಗುವ ನೇರ ದಾರಿ, ತಡೆಬೇಲಿ, ಆಂಬುಲೆನ್ಸ್, ಟೈಮಿಂಗ್ ವ್ಯವಸ್ಥೆ, ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಅನುಮತಿ ಸಾಕು. ಚೆನ್ನೈ ಬಳಿಯ ಶೋಲಾವರಂನಲ್ಲಿ ದಶಕಗಳ ಕಾಲ ರೇಸ್ ನಡೆದದ್ದು ಎರಡನೇ ಮಹಾಯುದ್ಧ ಕಾಲದ ಏರ್‌ಸ್ಟ್ರಿಪ್ ಮೇಲೆ. ಉತ್ತರ ಕರ್ನಾಟಕದಲ್ಲಿ ವರ್ಷಕ್ಕೆ ಎರಡು ದಿನವಾದರೂ ಇಂಥ ವ್ಯವಸ್ಥೆ ಮಾಡಲು ಯುವಜನ ಸೇವಾ ಇಲಾಖೆ, ಪೊಲೀಸರು, ಎಂಜಿನಿಯರಿಂಗ್ ಕಾಲೇಜುಗಳು ಕೂಡಿ ಯೋಚಿಸಬಹುದು.

ಇದರಿಂದ ಸವಾರರಷ್ಟೇ ಬೆಳೆಯುವುದಿಲ್ಲ. ಓಟದ ಮುನ್ನ ಬೈಕ್ ತಪಾಸಣೆ ಮಾಡುವವರು, ಟೈಮಿಂಗ್ ನೋಡುವವರು, ಡೇಟಾ ಓದುವವರು, ಮೆಕ್ಯಾನಿಕ್‌ಗಳು ಬೇಕು. ಐಟಿಐ ಮುಗಿಸಿದವರಿಗೂ ಬಿ.ಇ. ಓದುವವರಿಗೂ ಇದು ಕೈಯಿಂದ ಕಲಿಯುವ ಕೆಲಸ. ಕಾರ್ ರೇಸಿನ ಎಲ್‌ಜಿಬಿ ಫಾರ್ಮುಲಾ 4 ಎಂಬ ಹೆಸರಿನಲ್ಲಿರುವ ಎಲ್‌ಜಿಬಿ, ಕೊಯಮತ್ತೂರಿನಲ್ಲಿ ರೋಲಾನ್ ಚೈನ್ ತಯಾರಿಸುವ ಕಂಪನಿಯದೇ. ಚೈನಿಗೂ ರೇಸಿಗೂ ಉದ್ಯೋಗಕ್ಕೂ ನಂಟು ಹೀಗೆ ಬೆಳೆಯುತ್ತದೆ.

2018ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ 18 ವರ್ಷದ ಕೇಲಾ ರಿವಾಸ್ ಎಂಬ ಯುವತಿ, ಮಾರ್ಪಡಿಸಿದ ರಾಯಲ್ ಎನ್‌ಫೀಲ್ಡ್ 650 ಸಿಸಿ ಬೈಕಿನಲ್ಲಿ ಗಂಟೆಗೆ 157 ಮೈಲಿ, ಅಂದರೆ ಸುಮಾರು 253 ಕಿ.ಮೀ. ವೇಗದಲ್ಲಿ ಓಡಿ ತನ್ನ ವರ್ಗದ ದಾಖಲೆ ಬರೆದಳು. ಬೈಕ್ ನಮ್ಮ ದೇಶದ ಕಂಪನಿಯದು. ವಯಸ್ಸು ನಮ್ಮ ಕಾಲೇಜು ಹುಡುಗ ಹುಡುಗಿಯರದು. ಆಕೆಗಿದ್ದು ನಮಗಿಲ್ಲದ್ದು ವೇಗಕ್ಕೆಂದೇ ಬಿಟ್ಟ ಬಯಲು ಮತ್ತು ಪಾಲಿಸಲೇಬೇಕಾದ ನಿಯಮ ಪುಸ್ತಕ. ನಾವು ಸರ್ಕಾರದ ಮುಂದೆ ಇವೆರಡನ್ನೂ ಕೇಳಬೇಕು. ಸಿಗುವವರೆಗೆ ನಮ್ಮ ಬೈಕಿನ ಚೈನ್ ಕಂಪನಿ ಕೊಟ್ಟ ಹಲ್ಲಿನ ಮೇಲೆಯೇ ಓಡಲಿ, ಕವರ್ ಅದರ ಜಾಗದಲ್ಲೇ ಇರಲಿ.

– ಬಿ.ಇ. ವಿದ್ಯಾರ್ಥಿ, ಮಲ್ಲಸಮುದ್ರ, ಗದಗ ಜಿಲ್ಲೆ