‘ಆಗಲ್ಲ’ ಎನ್ನಲು ಎಷ್ಟು ಪದ?

ಪಕ್ಕದ ಮನೆಯ ಹತ್ತನೇ ತರಗತಿಯ ಹುಡುಗಿ ಒಂದು ಸಂಜೆ ಕಾಗದ ಹಿಡಿದು ನನ್ನ ಬಳಿ ಬಂದಳು. ಅವಳ ಗೆಳತಿ ಗಾಲಿಕುರ್ಚಿಯಲ್ಲಿ ಶಾಲೆಗೆ ಬರುವವಳು. ವಿಜ್ಞಾನದ ಪ್ರಯೋಗಾಲಯ ಇರುವುದು ಮಹಡಿಯ ಮೇಲೆ. ಎಲ್ಲರೂ ಪ್ರಯೋಗ ಮಾಡಲು ಮೇಲೆ ಹೋದಾಗ ಆ ಹುಡುಗಿ ಒಬ್ಬಳೇ ಕೆಳಗೆ ಕೂತು ನೋಟ್ಸ್ ನಕಲು ಮಾಡಬೇಕು. ಅವಳಿಗೂ ಅವಕಾಶ ಕೊಡಿ ಎಂದು ಇವಳು ಇಂಗ್ಲಿಷಿನಲ್ಲಿ ಅರ್ಜಿ ಬರೆದಿದ್ದಳು. ಕಾಗದದ ಅಂಚಿನಲ್ಲಿ ಉತ್ತರವಾಗಿ ಒಂದೇ ಪದ: ‘ಇಂಪಾಸಿಬಲ್’.

“ಇನ್ನೇನು ಬರೆಯೋದು ಅಂಕಲ್? ಆಗಲ್ಲ ಅಂದ್ರೆ ಆಗಲ್ಲ!”

“ತಾಳು, ಆ ಪದ ಸರಿಯೇ ಅಂತ ಮೊದಲು ನೋಡೋಣ” ಎಂದೆ. ಅವತ್ತು ನಾವಿಬ್ಬರೂ ಮಾಡಿದ ಪಾಠವೇ ಈ ವಾರದ ಅಂಕಣ.

‘ಇಂಪಾಸಿಬಲ್’ ಎಂದರೆ ಅಸಾಧ್ಯ. ಯಾರು, ಯಾವಾಗ, ಎಷ್ಟೇ ಖರ್ಚು ಮಾಡಿದರೂ ಆಗದು. ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಇವೆರಡನ್ನೇ ಬಳಸಿ ಒಂದು ವೃತ್ತದಷ್ಟೇ ವಿಸ್ತೀರ್ಣದ ಚೌಕ ಬರೆಯಲು ಜನ ಸಾವಿರಾರು ವರ್ಷ ಹೆಣಗಿದರು. ಅದು ಆಗದ ಕೆಲಸವೆಂದು 1882ರಲ್ಲಿ ಜರ್ಮನಿಯ ಗಣಿತಜ್ಞ ಲಿಂಡೆಮನ್ ಅವರ ಸಾಧನೆಯಿಂದ ಖಚಿತವಾಯಿತು. ಅದಕ್ಕೇ ಇಂಗ್ಲಿಷಿನಲ್ಲಿ ಆಗದ ಕೆಲಸಕ್ಕೆ ಕೈ ಹಾಕುವುದಕ್ಕೆ ‘ಸ್ಕ್ವೇರಿಂಗ್ ದ ಸರ್ಕಲ್’ ಎನ್ನುವ ಮಾತಿದೆ. ಒಬ್ಬ ಹುಡುಗಿ ಲಿಟ್ಮಸ್ ಕಾಗದವನ್ನು ಆಮ್ಲದಲ್ಲಿ ಅದ್ದುವುದು ಆ ಜಾತಿಯ ಕೆಲಸವೇ?

“ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಬಹುದಲ್ವಾ?” ಎಂದಳು. ಲೆಕ್ಕ ಹಾಕಿದೆವು. ಗಾಲಿಕುರ್ಚಿಗೆ ಸುರಕ್ಷಿತ ಇಳಿಜಾರು ಎಂದರೆ ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಮಹಡಿ 12 ಅಡಿ ಎತ್ತರವಿದ್ದರೆ 144 ಅಡಿ! ಅವಳ ಶಾಲೆಯ ಅಂಗಳದಲ್ಲಿ ಅಷ್ಟು ಜಾಗವಿಲ್ಲ. ಹೀಗೆ ತತ್ವದಲ್ಲಿ ತಪ್ಪಿಲ್ಲದಿದ್ದರೂ ಇರುವ ಪರಿಸ್ಥಿತಿಯಲ್ಲಿ ಜಾರಿಗೆ ತರಲಾಗದ್ದು ‘ಇಂಪ್ರಾಕ್ಟಿಕಬಲ್’.

“ನಾವು ನಾಲ್ಕು ಜನ ದಿನಾ ಎತ್ಕೊಂಡು ಹೋಗ್ತೀವಿ.” ಹೋಗಬಹುದು. ಆದರೆ ಕಾಲು ಜಾರಿದರೆ? ಎಲ್ಲರೆದುರು ಹೊರಿಸಿಕೊಳ್ಳುವುದು ಅವಳಿಗೆ ಇಷ್ಟವೇ? ಮಾಡಬಹುದು, ಆದರೆ ಮಾಡುವುದು ಜಾಣತನವಲ್ಲ ಎನ್ನುವಂಥದ್ದು ‘ಇಂಪ್ರಾಕ್ಟಿಕಲ್’. ಹಿಂದಿನ ಪದಕ್ಕೂ ಇದಕ್ಕೂ ಒಂದೆರಡು ಅಕ್ಷರದ ವ್ಯತ್ಯಾಸ. ಅರ್ಥ ಮಾತ್ರ ಬೇರೆ. ದೊಡ್ಡವರೂ ಇಲ್ಲಿ ಎಡವುತ್ತಾರೆ.

ಲಿಫ್ಟ್ ಹಾಕಿಸಿದರೆ? ಚಿಕ್ಕ ಶಾಲೆ. ಹಾಕಿಸುವ ದುಡ್ಡು ಹೇಗೋ ಕೂಡಿದರೂ ವರ್ಷ ವರ್ಷ ನಿಭಾಯಿಸುವುದು ಕಷ್ಟ. ಹಾಗೆ ಬಾಳಿಕೆ ಬಾರದ ಯೋಜನೆಗೆ ‘ನಾಟ್ ವಯಬಲ್’ ಎನ್ನುತ್ತಾರೆ. ಫ್ರೆಂಚಿನ ‘ಬದುಕು’ ಎಂಬ ಪದದಿಂದ ಹುಟ್ಟಿದ ಮಾತಿದು. ಹುಟ್ಟಿದ ಮಗು ಬದುಕಬಲ್ಲದು ಎಂದು ಹೇಳಲು ಬಳಸುತ್ತಿದ್ದರು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತೊಯ್ದಿತು. ಹಾರುವುದು ಸಾಧ್ಯವಿತ್ತು, ಖರ್ಚು ಹೊಂದಿಸುವುದು ಕಷ್ಟವಾಯಿತು.

“ಹೊಸ ಕಟ್ಟಡ ಆದಾಗ ಕೆಳಗೇ ಲ್ಯಾಬ್ ಮಾಡ್ತೀವಿ ಅಂತ ಒಬ್ಬರು ಟೀಚರ್ ಹೇಳಿದ್ರು” ಎಂದಳು. ಇಂಥ ಭರವಸೆಗೆ ‘ಪೈ ಇನ್ ದ ಸ್ಕೈ’ ಎಂಬ ಹೆಸರಿದೆ. ಆಕಾಶದಲ್ಲಿರುವ ಕಡುಬು! ಹಸಿದ ಕಾರ್ಮಿಕರಿಗೆ ಸತ್ತ ಮೇಲೆ ಸ್ವರ್ಗದಲ್ಲಿ ಊಟ ಎಂದು ಹೇಳುವವರನ್ನು ಗೇಲಿ ಮಾಡಿ ಅಮೆರಿಕದ ಜೋ ಹಿಲ್ 1911ರಲ್ಲಿ ಬರೆದ ಹಾಡಿನಿಂದ ಅದು ಜನಪ್ರಿಯವಾಯಿತು. ನಮ್ಮಲ್ಲಿ ಗಗನಕುಸುಮ, ಬಿಸಿಲ್ಗುದುರೆ, ಗಾಳಿಗೋಪುರ ಇಲ್ಲವೇ, ಹಾಗೆ.

ಕೊನೆಗೆ ಉಳಿದದ್ದು ಒಂದು ಪ್ರಶ್ನೆ. ಹುಡುಗಿ ಮೇಲೆ ಹೋಗಲಾಗದಿದ್ದರೆ ಪ್ರಯೋಗ ಕೆಳಗೆ ಬರಬಾರದೇ? ಮಸೂರ, ಲಿಟ್ಮಸ್ ಕಾಗದ, ನಾಲ್ಕು ಗಾಜಿನ ನಳಿಗೆ ಒಂದು ಟ್ರೇಯಲ್ಲಿ ಹಿಡಿಸುತ್ತವೆ. ಇರುವ ಜನ, ಇರುವ ಸಮಯ, ಇರುವ ಸಾಮಾನಿನಲ್ಲಿ ಮಾಡಬಹುದಾದ್ದು ‘ಫೀಸಿಬಲ್’. ಎರಡನೇ ಅರ್ಜಿಯಲ್ಲಿ ಅವಳು ಇಳಿಜಾರು, ಲಿಫ್ಟ್ ಏಕೆ ಆಗುವುದಿಲ್ಲ ಎಂದು ತಾನೇ ಒಪ್ಪಿಕೊಂಡು, ಇದು ಏಕೆ ಆಗುತ್ತದೆ ಎಂದು ಬರೆದಳು.

ಮುಂದಿನ ವಾರ ಟ್ರೇ ಕೆಳಗೆ ಬಂತು. ಬರ್ನರ್ ಬೇಕಾದ ಪ್ರಯೋಗಗಳು ಇನ್ನೂ ಮೇಲೆಯೇ ನಡೆಯುತ್ತಿವೆ. ಅದಕ್ಕೆ ಮೂರನೇ ಅರ್ಜಿ ತಯಾರಾಗುತ್ತಿದೆ. ಆದರೆ ಮಸೂರದ ನಾಭಿದೂರವನ್ನು ಎಲ್ಲರಿಗಿಂತ ಮೊದಲು ಅಳೆದದ್ದು ಆ ಗೆಳತಿಯಂತೆ.

ಮಕ್ಕಳೇ, ಯಾರಾದರೂ ‘ಇಂಪಾಸಿಬಲ್’ ಎಂದರೆ ಜಗಳಕ್ಕೆ ಹೋಗಬೇಡಿ. ಜಾಗ ಇಲ್ಲವೇ, ದುಡ್ಡು ಇಲ್ಲವೇ, ಅಪಾಯವೇ, ಇಲ್ಲ ಮನಸ್ಸೇ ಇಲ್ಲವೇ ಎಂದು ಮೆಲ್ಲಗೆ ಕೇಳಿ. ದೊಡ್ಡವರಿಗೂ ಒಂದು ಮಾತು: ನಾವು ದಿನಕ್ಕೆ ಹತ್ತು ಸಲ ಮಕ್ಕಳಿಗೆ ‘ಆಗಲ್ಲ’ ಎನ್ನುತ್ತೇವೆ. ಅದು ಇವುಗಳಲ್ಲಿ ಯಾವ ‘ಆಗಲ್ಲ’ ಎಂದೂ ಹೇಳಿದರೆ ಅವರು ಬೇರೆ ದಾರಿ ಹುಡುಕಿಯಾರು.

ಈ ವಾರದ ಅಭ್ಯಾಸ: ನಿಮ್ಮ ಮನೆಯಲ್ಲಿ ಕೇಳಿದ ಐದು ‘ಆಗಲ್ಲ’ಗಳನ್ನು ಬರೆದು, ಪ್ರತಿಯೊಂದರ ಮುಂದೆ ಸರಿಯಾದ ಇಂಗ್ಲಿಷ್ ಪದ ಬರೆಯಿರಿ.